‘ಬಹುದು’ ಎಂಬ ಪದದ ಮೇಲೆ ನಿಂತ ಶಾಂತಿ: ಇಸ್ರೇಲ್–ಪ್ಯಾಲೆಸ್ಟೀನ್ ಮಾತುಕತೆಯ ಗಂಟು ಎಲ್ಲಿದೆ?

2025ರ ಆಗಸ್ಟ್‌ನಿಂದ ನವೆಂಬರ್‌ವರೆಗಿನ ಸುದ್ದಿಗಳನ್ನು ಒಟ್ಟಿಗಿಟ್ಟು ಓದಿದರೆ ತಲೆ ಗಿರ್ರೆನ್ನುತ್ತದೆ. ಆಗಸ್ಟ್‌ನಲ್ಲಿ ಇಸ್ರೇಲ್, ಜೆರುಸಲೇಮಿನ ಪೂರ್ವಕ್ಕಿರುವ ‘ಇ-1’ ಎಂಬ ಜಾಗದಲ್ಲಿ ಸುಮಾರು 3,400 ಮನೆಗಳನ್ನು ಕಟ್ಟುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪ್ಯಾಲೆಸ್ಟೀನ್ ರಾಷ್ಟ್ರದ ಕಲ್ಪನೆಯನ್ನೇ ಇದು ಹೂತುಹಾಕುತ್ತದೆ ಎಂದು ಅಲ್ಲಿನ ಹಣಕಾಸು ಸಚಿವ ಬೆಜಲೆಲ್ ಸ್ಮೊಟ್ರಿಚ್ ಮುಚ್ಚುಮರೆಯಿಲ್ಲದೆ ಹೇಳಿದರು. ಸೆಪ್ಟೆಂಬರ್ 21ರಂದು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮತ್ತು ಪೋರ್ಚುಗಲ್, ಮರುದಿನ ಫ್ರಾನ್ಸ್, ಅದೇ ಪ್ಯಾಲೆಸ್ಟೀನನ್ನು ರಾಷ್ಟ್ರವೆಂದು ಮಾನ್ಯ ಮಾಡಿದವು. ಅಕ್ಟೋಬರ್ 10ಕ್ಕೆ ಗಾಜಾದಲ್ಲಿ ಕದನ ವಿರಾಮ ಬಂತು. ನವೆಂಬರ್ 17ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಮೆರಿಕದ ಶಾಂತಿ ಯೋಜನೆಗೆ ಮುದ್ರೆ ಒತ್ತಿತು. ಅದರಲ್ಲಿ ಪ್ಯಾಲೆಸ್ಟೀನ್ ರಾಷ್ಟ್ರದ ಪ್ರಸ್ತಾಪವೂ ಇತ್ತು. ಅಂಥ ರಾಷ್ಟ್ರಕ್ಕೆ ತಮ್ಮ ವಿರೋಧ ಕಿಂಚಿತ್ತೂ ಬದಲಾಗಿಲ್ಲ ಎಂದು ಇಸ್ರೇಲಿನ ಪ್ರಧಾನಿ ಬೆಂಜಮಿನ್ ನೆತನ್ಯಾಹು ಅದೇ ಹೊತ್ತಿನಲ್ಲಿ ಹೇಳುತ್ತಿದ್ದರು.

ಹಾಗಾದರೆ ಆಗುತ್ತಿರುವುದೇನು? ರಾಷ್ಟ್ರ ಹುಟ್ಟುತ್ತಿದೆಯೋ, ಹೂಳಲ್ಪಡುತ್ತಿದೆಯೋ? ಎರಡೂ ಒಟ್ಟಿಗೆ ನಡೆಯಲು ಸಾಧ್ಯವಾದದ್ದು ಹೇಗೆಂದು ತಿಳಿಯಲು ಈ ಮಾತುಕತೆಗಳ ಹಳೆಯ ಚಾಳಿಯೊಂದನ್ನು ನೋಡಬೇಕು. ಸಹಿ ಬೀಳಲೆಂದು ಕಷ್ಟದ ಪ್ರಶ್ನೆಯನ್ನು ಮಸುಕಾಗಿ ಬರೆದಿಡುವುದು ಆ ಚಾಳಿ. ಮಸುಕು ಭಾಷೆ ಸಹಿಯನ್ನೇನೋ ತರುತ್ತದೆ. ಆದರೆ ಸಹಿಯಾದ ಮರುದಿನದಿಂದ ಅದು, ನೆಲ ಯಾರ ಕೈಯಲ್ಲಿದೆಯೋ ಅವರ ಪರವಾಗಿ ದುಡಿಯತೊಡಗುತ್ತದೆ.

ಪಹಣಿಯಲ್ಲಿ ಹೆಸರು, ಸ್ವಾಧೀನ ಇನ್ನೊಬ್ಬರದು

ಮೊದಲು ಮಾನ್ಯತೆಯ ವಿಷಯ. ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳಲ್ಲಿ 150ಕ್ಕೂ ಹೆಚ್ಚು ಈಗ ಪ್ಯಾಲೆಸ್ಟೀನನ್ನು ಮಾನ್ಯ ಮಾಡಿವೆ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ಹೊರಗುಳಿದಿರುವುದು ಅಮೆರಿಕ ಮಾತ್ರ.

ಜಮೀನಿನ ವ್ಯವಹಾರ ಗೊತ್ತಿರುವವರಿಗೆ ಇದನ್ನು ವಿವರಿಸುವುದು ಸುಲಭ. ಪಹಣಿಯಲ್ಲಿ ಹೆಸರು ಬಂದಿದೆ, ಉಳುತ್ತಿರುವವರು ಬೇರೆ. ಒಂದು ಭೂಭಾಗ ರಾಷ್ಟ್ರ ಎನಿಸಿಕೊಳ್ಳಲು ಜನ, ನಿರ್ದಿಷ್ಟ ನೆಲ, ಸರ್ಕಾರ ಮತ್ತು ಹೊರಗಿನವರ ಜತೆ ವ್ಯವಹರಿಸುವ ಶಕ್ತಿ ಇರಬೇಕೆಂದು 1933ರ ಮಾಂಟೆವಿಡಿಯೊ ಒಡಂಬಡಿಕೆ ಹೇಳುತ್ತದೆ. ಪ್ಯಾಲೆಸ್ಟೀನಿಗೆ ಜನ ಇದ್ದಾರೆ. ಗಡಿ ತೀರ್ಮಾನವಾಗಿಲ್ಲ. ಸರ್ಕಾರ ಎಂಬುದು ಜೋರ್ಡಾನ್ ನದಿಯ ಪಶ್ಚಿಮಕ್ಕಿರುವ ‘ಪಶ್ಚಿಮ ದಂಡೆ’ಯ ತುಂಡುಗಳಲ್ಲಷ್ಟೇ ಇದೆ. ಅದರ ಅಧ್ಯಕ್ಷ ಮಹಮೂದ್ ಅಬ್ಬಾಸ್ 2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿಗೆ ಹೋಗಲು ಅಮೆರಿಕ ವೀಸಾ ಕೊಡಲಿಲ್ಲ. ತಮ್ಮ ದೇಶಕ್ಕೆ ಮಾನ್ಯತೆ ಸಿಕ್ಕ ವಾರದಲ್ಲೇ ಅವರು ಮಹಾಸಭೆಯನ್ನು ಉದ್ದೇಶಿಸಿ ವಿಡಿಯೊ ಮೂಲಕ ಮಾತನಾಡಬೇಕಾಯಿತು.

ಇದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ ಎಂದು ಟೀಕಾಕಾರರು ಹೇಳುವುದು ಇದೇ ಕಾರಣಕ್ಕೆ. ಇಸ್ರೇಲಿನ ಆಕ್ಷೇಪ ಇನ್ನೂ ಖಾರವಾದದ್ದು: 2023ರ ಅಕ್ಟೋಬರ್ 7ರಂದು ಸುಮಾರು 1,200 ಜನರನ್ನು ಕೊಂದು 251 ಮಂದಿಯನ್ನು ಒತ್ತೆಯಾಳುಗಳಾಗಿ ಎಳೆದೊಯ್ದ ಹಮಾಸ್‌ಗೆ ಇದು ಬಹುಮಾನ ಎಂಬುದು. ಮಾನ್ಯತೆ ಕೊಟ್ಟವರ ಲೆಕ್ಕ ಬೇರೆ. ಮಾತುಕತೆ ಮುಗಿದ ಮೇಲಷ್ಟೇ ಮಾನ್ಯತೆ ಎಂಬ ಹಳೆಯ ನಿಲುವು, ಮಾತುಕತೆಗೆ ಕೂರಲು ಒಪ್ಪದವರ ಕೈಗೆ ಪರೋಕ್ಷವಾಗಿ ವಿಟೊ ಕೊಟ್ಟಿತ್ತು. ಅದನ್ನು ಕಿತ್ತುಕೊಂಡೆವು ಎನ್ನುತ್ತಾರೆ ಅವರು. ಈ ವಾದದಲ್ಲಿ ಹುರುಳಿದೆ. ಆದರೆ ನಿಜವಾದ ವಿಟೊ ಇರುವುದು ಅಮೆರಿಕದ ಬಳಿ. ಪ್ಯಾಲೆಸ್ಟೀನಿನ ಪೂರ್ಣ ಸದಸ್ಯತ್ವದ ಪ್ರಸ್ತಾವ 2024ರ ಏಪ್ರಿಲ್‌ನಲ್ಲಿ ಭದ್ರತಾ ಮಂಡಳಿಯ ಮುಂದೆ ಬಂದಾಗ 12 ರಾಷ್ಟ್ರಗಳು ಪರವಾಗಿದ್ದವು. ಅಮೆರಿಕದ ಒಂದು ಮತಕ್ಕೆ ಅದು ಬಿದ್ದುಹೋಯಿತು.

ಕನ್ನಡದಲ್ಲಿ ಇಲ್ಲದ ಒಂದು ಪದದ ಜಗಳ

1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ಟೀನನ್ನು ಎರಡು ಪಾಲು ಮಾಡಲು ನಿರ್ಣಯಿಸಿತು. ಜನಸಂಖ್ಯೆಯಲ್ಲಿ ಮೂರನೇ ಒಂದು ಭಾಗದಷ್ಟಿದ್ದ ಯಹೂದಿಗಳಿಗೆ ಅರ್ಧಕ್ಕಿಂತ ತುಸು ಹೆಚ್ಚು ನೆಲ ಬರುತ್ತಿತ್ತು. ಯಹೂದಿ ನಾಯಕತ್ವ ಒಪ್ಪಿತು, ಅರಬರು ತಿರಸ್ಕರಿಸಿದರು, ಯುದ್ಧವಾಯಿತು. ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯನ್ನರು ಮನೆಮಠ ಕಳೆದುಕೊಂಡರು. 1949ರಲ್ಲಿ ಯುದ್ಧ ನಿಂತಾಗ ಒಟ್ಟು ನೆಲದ ಶೇ 78ರಷ್ಟು ಇಸ್ರೇಲಿನದಾಗಿತ್ತು. ಉಳಿದ ಶೇ 22, ಅಂದರೆ ಪೂರ್ವ ಜೆರುಸಲೇಂ ಸೇರಿದ ಪಶ್ಚಿಮ ದಂಡೆ ಮತ್ತು ಗಾಜಾ, 1967ರ ಜೂನ್‌ನ ಆರು ದಿನಗಳ ಯುದ್ಧದಲ್ಲಿ ಇಸ್ರೇಲಿನ ವಶವಾಯಿತು. ಇಂದು ಚರ್ಚೆಯಾಗುವ ಪ್ಯಾಲೆಸ್ಟೀನ್ ಎಂದರೆ ಈ ಶೇ 22.

ಆ ವರ್ಷದ ನವೆಂಬರ್‌ನಲ್ಲಿ ಭದ್ರತಾ ಮಂಡಳಿ ಅಂಗೀಕರಿಸಿದ 242ನೇ ನಿರ್ಣಯವೇ ಇಂದಿಗೂ ಎಲ್ಲ ಮಾತುಕತೆಯ ಬುನಾದಿ. ಯುದ್ಧದಲ್ಲಿ ವಶಪಡಿಸಿಕೊಂಡ ‘ಪ್ರದೇಶಗಳಿಂದ’ ಇಸ್ರೇಲ್ ಹಿಂದೆ ಸರಿಯಬೇಕು, ಪ್ರತಿಯಾಗಿ ನೆರೆಯವರು ಅದರ ಅಸ್ತಿತ್ವವನ್ನು ಒಪ್ಪಬೇಕು ಎನ್ನುತ್ತದೆ ಅದು. ಇಂಗ್ಲಿಷ್ ಪಠ್ಯದಲ್ಲಿ ‘ಪ್ರದೇಶಗಳು’ ಎಂಬ ಪದಕ್ಕೆ ಮೊದಲು ‘ದಿ’ (the) ಇಲ್ಲ. ಆದ್ದರಿಂದ ಎಲ್ಲ ಪ್ರದೇಶಗಳನ್ನೂ ಬಿಡಬೇಕೆಂದಿಲ್ಲ ಎಂದು ಇಸ್ರೇಲ್ ವಾದಿಸುತ್ತದೆ. ಫ್ರೆಂಚ್ ಪಠ್ಯವನ್ನು ಓದಿದರೆ ಎಲ್ಲವನ್ನೂ ಬಿಡಬೇಕೆಂಬ ಅರ್ಥ ಬರುತ್ತದೆ ಎಂದು ಅರಬ್ ರಾಷ್ಟ್ರಗಳು ವಾದಿಸುತ್ತವೆ. ಕನ್ನಡದಲ್ಲಿ ‘ದಿ’ ಎಂಬುದೇ ಇಲ್ಲವಾದ್ದರಿಂದ ನಮ್ಮ ಭಾಷೆಗೆ ಈ ಜಗಳವನ್ನು ಅನುವಾದಿಸುವುದೂ ಕಷ್ಟ. ಆದರೆ ಆ ಪದ ಅಲ್ಲಿ ಅಕಸ್ಮಾತ್ ಬಿಟ್ಟುಹೋದದ್ದಲ್ಲ. ಅದನ್ನು ಸೇರಿಸಿದ್ದರೆ ಒಂದು ಕಡೆಯವರು, ಸ್ಪಷ್ಟವಾಗಿ ನಿರಾಕರಿಸಿದ್ದರೆ ಇನ್ನೊಂದು ಕಡೆಯವರು ಎದ್ದು ಹೋಗುತ್ತಿದ್ದರು.

ಒಂದೇ ಮೇಜು, ಎರಡು ಕಾಗದ

ಈ ಮಸುಕು ಭಾಷೆ ನಿಜಕ್ಕೂ ಅಷ್ಟು ಮುಖ್ಯವೇ, ಅಥವಾ ಇಚ್ಛಾಶಕ್ತಿಯ ಕೊರತೆಗೆ ಇದೊಂದು ನೆಪವೇ ಎಂದು ಕೇಳಬಹುದು. ಅದಕ್ಕೆ ಇತಿಹಾಸ ಒಂದು ಪ್ರಯೋಗವನ್ನೇ ಮಾಡಿ ತೋರಿಸಿದೆ.

1978ರ ಸೆಪ್ಟೆಂಬರ್‌ನಲ್ಲಿ ಈಜಿಪ್ಟಿನ ಅನ್ವರ್ ಸಾದಾತ್, ಇಸ್ರೇಲಿನ ಮೆನಾಹೆಮ್ ಬೆಗಿನ್ ಮತ್ತು ಅಮೆರಿಕದ ಜಿಮ್ಮಿ ಕಾರ್ಟರ್ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಕೂತರು. ಎದ್ದಾಗ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು ಸಿನಾಯ್ ಮರುಭೂಮಿಯ ಬಗ್ಗೆ. ಅದರ ಮೇಲೆ 1979ರ ಮಾರ್ಚ್‌ನಲ್ಲಿ ಆದ ಒಪ್ಪಂದದಲ್ಲಿ ಇಸ್ರೇಲ್ ಯಾವ ಗೆರೆಯವರೆಗೆ, ಎಷ್ಟು ಕಾಲದೊಳಗೆ ಹಿಂದೆ ಸರಿಯಬೇಕು, ಎಲ್ಲೆಲ್ಲಿ ಎಷ್ಟು ಸೈನ್ಯ ಇರಬಹುದು ಎಂಬುದೆಲ್ಲ ಬರೆದಿತ್ತು. ಅದರಂತೆ 1982ರ ಏಪ್ರಿಲ್‌ನಲ್ಲಿ ಇಸ್ರೇಲ್ ಸಿನಾಯ್ ಬಿಟ್ಟುಹೋಯಿತು. ಯಮಿತ್ ಎಂಬ ತನ್ನದೇ ವಸಾಹತನ್ನು (ವಶಪಡಿಸಿಕೊಂಡ ನೆಲದಲ್ಲಿ ತನ್ನ ಪ್ರಜೆಗಳಿಗೆ ಕಟ್ಟಿದ ಊರು) ತಾನೇ ಕೆಡವಿ, ವಿರೋಧಿಸಿದ ತನ್ನದೇ ಪ್ರಜೆಗಳನ್ನು ಎತ್ತಿ ಹೊರಗೆ ಸಾಗಿಸಿತು. ಆ ಶಾಂತಿ ಇಂದಿಗೂ ಮುರಿದಿಲ್ಲ.

ಇನ್ನೊಂದು ಕಾಗದ ಪಶ್ಚಿಮ ದಂಡೆ ಮತ್ತು ಗಾಜಾದ ಬಗ್ಗೆ. ಐದು ವರ್ಷದ ಪರಿವರ್ತನಾ ಅವಧಿ, ‘ಪೂರ್ಣ ಸ್ವಾಯತ್ತತೆ’, ಆ ಅವಧಿಯೊಳಗೇ ಅಂತಿಮ ಸ್ಥಿತಿಯ ಮಾತುಕತೆ ಎಂದು ಅದರಲ್ಲಿತ್ತು. ಸ್ವಾಯತ್ತತೆ ಅಲ್ಲಿನ ನಿವಾಸಿಗಳಿಗೆ ಎಂದಿತ್ತು, ಅದು ನೆಲಕ್ಕೂ ಅನ್ವಯಿಸುತ್ತದೆಯೇ ಎಂಬುದು ಇರಲಿಲ್ಲ. ಪ್ಯಾಲೆಸ್ಟೀನಿಯನ್ನರ ಪ್ರತಿನಿಧಿ ಅಲ್ಲಿರಲೇ ಇಲ್ಲ. ಆ ಕಾಗದ ಕಡತ ಸೇರಿತು.

ಹೋಲಿಕೆಯನ್ನು ತೀರಾ ಎಳೆಯಬಾರದು ಎಂಬುದೂ ನಿಜ. ಸಿನಾಯ್ ಬಹುಪಾಲು ಖಾಲಿ ಮರಳು. ಪಶ್ಚಿಮ ದಂಡೆಯ ಹೆಬ್ರಾನ್, ನಾಬ್ಲುಸ್ ಯಹೂದಿ ಧರ್ಮಗ್ರಂಥದ ಊರುಗಳು. ಎದುರಿಗಿದ್ದದ್ದು ಸೈನ್ಯ, ಸರ್ಕಾರ ಎಲ್ಲ ಇದ್ದ ಈಜಿಪ್ಟ್. ಪ್ಯಾಲೆಸ್ಟೀನಿಯನ್ನರ ಬಳಿ ಕೊಡಲು ‘ಗುರುತಿಸುತ್ತೇವೆ’ ಎಂಬ ಮಾತು ಬಿಟ್ಟು ಹೆಚ್ಚೇನೂ ಇರಲಿಲ್ಲ. ಆದರೆ ಇದು ಕಾರಣವನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆಯೇ ಹೊರತು ಅಳಿಸುವುದಿಲ್ಲ: ಸ್ಪಷ್ಟವಾಗಿ ಬರೆಸಿಕೊಳ್ಳುವ ಶಕ್ತಿ ಇಲ್ಲದವರ ಪಾಲಿಗೆ ಮಸುಕು ಬರಹವೇ ಗತಿಯಾಗುತ್ತದೆ.

ಐದು ವರ್ಷಕ್ಕೆಂದು ಬಂದ ಓಸ್ಲೊ

1993ರ ಸೆಪ್ಟೆಂಬರ್ 13ರಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಓಸ್ಲೊ ಒಪ್ಪಂದಕ್ಕೆ ಸಹಿಯಾದಾಗ ಇಸ್ರೇಲಿನ ಪ್ರಧಾನಿ ಯಿತ್ಜಾಕ್ ರಬಿನ್ ಮತ್ತು ಪ್ಯಾಲೆಸ್ಟೀನಿಯನ್ನರ ನಾಯಕ ಯಾಸಿರ್ ಅರಾಫತ್ ಕೈಕುಲುಕಿದ ಚಿತ್ರ ಎಲ್ಲರಿಗೂ ನೆನಪಿದೆ. ಅದಕ್ಕೆ ಮೊದಲು ವಿನಿಮಯವಾದ ಪತ್ರಗಳನ್ನು ಓದಿದವರು ಕಡಿಮೆ. ಶಾಂತಿಯಿಂದ, ಸುಭದ್ರವಾಗಿ ಇರುವ ಇಸ್ರೇಲ್ ರಾಷ್ಟ್ರದ ಹಕ್ಕನ್ನು ಅರಾಫತ್ ಒಪ್ಪಿದರು. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ ಪ್ಯಾಲೆಸ್ಟೀನ್ ಜನರ ಪ್ರತಿನಿಧಿ ಎಂದು ರಬಿನ್ ಒಪ್ಪಿದರು. ಒಬ್ಬರು ರಾಷ್ಟ್ರವನ್ನು ಒಪ್ಪಿದ್ದರು, ಇನ್ನೊಬ್ಬರು ಸಂಘಟನೆಯನ್ನು. ಓಸ್ಲೊ ಒಪ್ಪಂದದ ಯಾವ ಪುಟದಲ್ಲೂ ಪ್ಯಾಲೆಸ್ಟೀನ್ ರಾಷ್ಟ್ರದ ಭರವಸೆ ಇಲ್ಲ.

ಗಡಿ, ಜೆರುಸಲೇಂ, ನಿರಾಶ್ರಿತರು, ಯಹೂದಿ ವಸಾಹತು, ಭದ್ರತೆ ಎಂಬ ಐದು ಗಂಟುಗಳನ್ನು ಕೊನೆಗೆ ಬಿಚ್ಚೋಣ ಎಂದು ಪಕ್ಕಕ್ಕಿಟ್ಟರು. ಆಡಳಿತಕ್ಕೆ ಐದು ವರ್ಷದ ಮಧ್ಯಂತರ ವ್ಯವಸ್ಥೆ. 1995ರ ಎರಡನೇ ಒಪ್ಪಂದ ಪಶ್ಚಿಮ ದಂಡೆಯನ್ನು ಎ, ಬಿ, ಸಿ ಎಂದು ಭಾಗ ಮಾಡಿತು. ನಗರಗಳಿರುವ ‘ಎ’, ಓಸ್ಲೊದಿಂದ ಹುಟ್ಟಿದ ಪ್ಯಾಲೆಸ್ಟೀನಿಯನ್ನರ ಆಡಳಿತ ಸಂಸ್ಥೆಯಾದ ಪ್ಯಾಲೆಸ್ಟೀನ್ ಪ್ರಾಧಿಕಾರದ್ದು. ‘ಬಿ’ಯಲ್ಲಿ ನಾಗರಿಕ ಆಡಳಿತ ಪ್ರಾಧಿಕಾರದ್ದು, ಭದ್ರತೆ ಇಸ್ರೇಲಿನದು. ಶೇ 60ರಷ್ಟಿರುವ ‘ಸಿ’ ಪೂರ್ತಿ ಇಸ್ರೇಲಿನ ಹಿಡಿತದಲ್ಲಿ. ಎ ಮತ್ತು ಬಿ ಒಂದಕ್ಕೊಂದು ಅಂಟಿಕೊಂಡಿಲ್ಲ. ನೂರಕ್ಕೂ ಹೆಚ್ಚು ತುಂಡುಗಳಾಗಿ ‘ಸಿ’ಯ ನಡುವೆ ದ್ವೀಪಗಳಂತೆ ಚದುರಿವೆ. ಈ ವ್ಯವಸ್ಥೆ 1999ರ ಮೇ ತಿಂಗಳಲ್ಲಿ ಮುಗಿಯಬೇಕಿತ್ತು. ಇವತ್ತಿಗೂ ಅದೇ ನಡೆಯುತ್ತಿದೆ.

ಮುಗಿಯಲಿಲ್ಲ ಏಕೆ? ಎರಡೂ ಕಡೆಯ ಹಿಂಸೆ ಒಂದು ಕಾರಣ. 1994ರ ಫೆಬ್ರುವರಿಯಲ್ಲಿ ಯಹೂದಿ ಉಗ್ರನೊಬ್ಬ ಹೆಬ್ರಾನ್‌ನಲ್ಲಿ ಪ್ರಾರ್ಥಿಸುತ್ತಿದ್ದ 29 ಮುಸ್ಲಿಮರನ್ನು ಕೊಂದ. ಹಮಾಸ್ ಇಸ್ರೇಲಿನ ಬಸ್ಸುಗಳಲ್ಲಿ ಆತ್ಮಾಹುತಿ ಬಾಂಬ್ ಸಿಡಿಸಿತು. 1995ರ ನವೆಂಬರ್ 4ರಂದು ರಬಿನ್ ಅವರನ್ನು ಇಸ್ರೇಲಿನವನೇ ಕೊಂದ. ಆದರೆ ಹಿಂಸೆ ಕೆಲಸ ಮಾಡಿದ್ದೂ ಒಪ್ಪಂದದ ಬಿರುಕಿನ ಮೂಲಕವೇ. ಗುರಿ ಯಾವುದೆಂದು ಬರೆದಿಲ್ಲದ ದಾರಿಯಲ್ಲಿ, ನಡೆಯುವುದನ್ನು ನಿಲ್ಲಿಸಲು ಒಂದು ಬಾಂಬು ಸಾಕು. ಮಾತುಕತೆ ಬೇಡವೆನ್ನುವವರಿಗೆ ಕಾಯಲು ಬೇಕಾದಷ್ಟು ಹೊತ್ತನ್ನು ಆ ಐದು ವರ್ಷ ಕೊಟ್ಟಿತು.

ಆ ಹೊತ್ತಿನಲ್ಲಿ ನೆಲ ಬದಲಾಗುತ್ತಿತ್ತು. ಓಸ್ಲೊ ಸಹಿಯಾದಾಗ ಪೂರ್ವ ಜೆರುಸಲೇಂ ಬಿಟ್ಟು ಪಶ್ಚಿಮ ದಂಡೆಯಲ್ಲಿ ಒಂದು ಲಕ್ಷಕ್ಕಿಂತ ತುಸು ಹೆಚ್ಚು ಯಹೂದಿ ವಸಾಹತುಗಾರರಿದ್ದರು. ಈಗ ಐದು ಲಕ್ಷ ದಾಟಿದ್ದಾರೆ. ಪೂರ್ವ ಜೆರುಸಲೇಮಿನಲ್ಲಿ ಇನ್ನೂ ಎರಡು ಲಕ್ಷಕ್ಕೂ ಹೆಚ್ಚು. ವಸಾಹತು ನಿಲ್ಲಿಸಬೇಕೆಂದು ಓಸ್ಲೊ ನೇರವಾಗಿ ಎಲ್ಲೂ ಹೇಳಿರಲಿಲ್ಲ. ರೊಟ್ಟಿ ಹಂಚಿಕೊಳ್ಳುವ ಮಾತು ನಡೆಯುತ್ತಿರುವಾಗಲೇ ಒಬ್ಬರು ತಿನ್ನುತ್ತಿದ್ದರು ಎಂಬುದು ಪ್ಯಾಲೆಸ್ಟೀನಿಯನ್ನರ ಹಳೆಯ ದೂರು.

ಯಾರು ಒಪ್ಪಲಿಲ್ಲ?

ಈ ಪ್ರಶ್ನೆಗೆ ಎರಡು ಸಮಾಜಗಳು ಎರಡು ಉತ್ತರ ಕಲಿತಿವೆ. ಇಸ್ರೇಲಿಗಳ ನೆನಪಿನಲ್ಲಿ 2000ರ ಜುಲೈ ಮುಖ್ಯ. ಪ್ರಧಾನಿ ಎಹುದ್ ಬರಾಕ್ ಹಿಂದೆ ಯಾರೂ ಕೊಡದಷ್ಟನ್ನು ಕೊಡಲು ಮುಂದಾದರು, ಅರಾಫತ್ ಬೇಡವೆಂದರು, ಎರಡನೇ ಇಂತಿಫಾದಾ (ಪ್ಯಾಲೆಸ್ಟೀನಿಯನ್ನರ ದಂಗೆ) ಭುಗಿಲೆದ್ದು ಸಾವಿರದಷ್ಟು ಇಸ್ರೇಲಿಗಳು, ಮೂರು ಸಾವಿರದಷ್ಟು ಪ್ಯಾಲೆಸ್ಟೀನಿಯನ್ನರು ಸತ್ತರು. 2005ರಲ್ಲಿ ಇಸ್ರೇಲ್ ಗಾಜಾದಿಂದ 21 ವಸಾಹತುಗಳನ್ನು ತೆರವು ಮಾಡಿ ಹೊರಬಂತು. ಎರಡು ವರ್ಷದಲ್ಲಿ ಅಲ್ಲಿ ಹಮಾಸ್ ಅಧಿಕಾರ ಹಿಡಿಯಿತು, ರಾಕೆಟ್‌ಗಳು ಹಾರಿದವು. ಇಸ್ರೇಲಿನ ಕರಾವಳಿ ಒಂದೆಡೆ ಸುಮಾರು 15 ಕಿಲೋಮೀಟರ್ ಮಾತ್ರ ಅಗಲ. ಅದರ ನೆತ್ತಿಯ ಮೇಲಿನ ಗುಡ್ಡಗಳನ್ನು ಬಿಟ್ಟುಕೊಟ್ಟರೆ ಗಾಜಾದ ಕಥೆಯೇ ಮರುಕಳಿಸುತ್ತದೆ ಎಂಬ ಭಯವನ್ನು ಅಕ್ಟೋಬರ್ 7 ಹಲವು ಪಟ್ಟು ಹೆಚ್ಚಿಸಿದೆ. ಹಿಂದೆ ಶಾಂತಿಯ ಪರ ಇದ್ದವರಲ್ಲೂ ಈ ಭಯ ಇದೆ. ಅದನ್ನು ಬರೀ ನೆಪ ಎಂದು ತಳ್ಳಿಹಾಕಿದರೆ ಅಲ್ಲಿನ ರಾಜಕೀಯ ಅರ್ಥವಾಗುವುದಿಲ್ಲ.

ಪ್ಯಾಲೆಸ್ಟೀನಿಯನ್ನರ ಲೆಕ್ಕ ಹೀಗೆ: ಶೇ 22ಕ್ಕೆ ಒಪ್ಪಿದ್ದೇ ನಮ್ಮ ದೊಡ್ಡ ರಾಜಿ, ಆ ಶೇ 22ರಲ್ಲೂ ಚೌಕಾಸಿ ಮಾಡಿದರೆ ಹೇಗೆ? 2008ರಲ್ಲಿ ಪ್ರಧಾನಿ ಎಹುದ್ ಓಲ್ಮರ್ಟ್ ಇನ್ನೂ ಉದಾರ ನಕ್ಷೆ ತೋರಿಸಿದರು. ಆದರೆ ಪ್ರತಿ ಕೊಡಲಿಲ್ಲ. ಅಬ್ಬಾಸ್ ಅದನ್ನು ಕೈಯಲ್ಲೇ ಗೀಚಿಕೊಂಡು ಹೋಗಬೇಕಾಯಿತು. ಭ್ರಷ್ಟಾಚಾರದ ಆರೋಪದಲ್ಲಿ ಓಲ್ಮರ್ಟ್ ಆಗಲೇ ಕುರ್ಚಿ ಬಿಡುವ ಹಂತದಲ್ಲಿದ್ದರು. ಹೊರಟು ನಿಂತವರ ಮಾತಿಗೆ ಸಹಿ ಹಾಕಲು ಅಬ್ಬಾಸ್ ಹಿಂಜರಿದರು. ಅದು ಅವರ ತಪ್ಪೆಂದು ಹೇಳುವವರಿದ್ದಾರೆ, ನಾನೂ ಹಾಗೆಯೇ ಹೇಳುತ್ತೇನೆ. ಇತಿಹಾಸದ ಕಡತದಲ್ಲಾದರೂ ಒಂದು ಸಹಿ ಇರುತ್ತಿತ್ತು.

ಅಬ್ಬಾಸ್ ಅವರದ್ದೂ ದೊಡ್ಡ ಸಮಸ್ಯೆಯೇ. 2005ರಲ್ಲಿ ನಾಲ್ಕು ವರ್ಷಕ್ಕೆ ಆಯ್ಕೆಯಾದವರು ಇನ್ನೂ ಅಧ್ಯಕ್ಷರು. 2006ರ ಸಂಸತ್ ಚುನಾವಣೆಯಲ್ಲಿ ಹಮಾಸ್ 132ರಲ್ಲಿ 74 ಸ್ಥಾನ ಗೆದ್ದ ಮೇಲೆ ಅಲ್ಲಿ ಸಂಸತ್ತಿಗೆ ಮತ್ತೆ ಮತದಾನವೇ ಆಗಿಲ್ಲ. ಜನ ಒಪ್ಪದ ನಾಯಕ ಮಾಡಿಕೊಂಡ ರಾಜಿಯನ್ನು ಜನ ಒಪ್ಪುವರೇ? ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಲ್ಲಿ ಹೆಸರಿರುವ ಸುಮಾರು 59 ಲಕ್ಷ ಪ್ಯಾಲೆಸ್ಟೀನಿಯನ್ನರ ಮರಳುವ ಹಕ್ಕಿನ ಬಗ್ಗೆ ಯಾರಾದರೂ ರಾಜಿ ಮಾಡಲೇಬೇಕಾಗುತ್ತದೆ. ಎಲ್ಲರೂ ಮರಳಿದರೆ ಯಹೂದಿ ಬಹುಸಂಖ್ಯೆಯ ಇಸ್ರೇಲ್ ಉಳಿಯುವುದಿಲ್ಲವೆಂದು ಇಸ್ರೇಲ್ ಒಪ್ಪದು.

ಗಾಜಾ: ಮೊದಲ ಹಂತ ಗೊತ್ತು, ಎರಡನೆಯದು?

ಹಂತಹಂತದ ಒಪ್ಪಂದ ಹೇಗೆ ಮುರಿಯುತ್ತದೆ ಎಂಬುದನ್ನು 2025ರ ಆರಂಭವೇ ತೋರಿಸಿತ್ತು. ಜನವರಿ 19ರಂದು ಜಾರಿಗೆ ಬಂದ ಕದನ ವಿರಾಮದಲ್ಲಿ ಮೂರು ಹಂತ. ಮೊದಲನೆಯದರಲ್ಲಿ ಇಷ್ಟು ಒತ್ತೆಯಾಳುಗಳಿಗೆ ಇಷ್ಟು ಕೈದಿಗಳು ಎಂಬ ಖಚಿತ ಲೆಕ್ಕವಿತ್ತು, ಅದು ನಡೆಯಿತು. ಎರಡನೆಯದರಲ್ಲಿ ಶಾಶ್ವತ ಕದನ ವಿರಾಮ ಮತ್ತು ಇಸ್ರೇಲಿನ ಪೂರ್ಣ ವಾಪಸಾತಿ ಇತ್ತು. ವಿವರಗಳನ್ನು ಆಮೇಲೆ ಮಾತಾಡುವುದೆಂದಿತ್ತು. ಹಮಾಸ್ ಆಯುಧ ಹಿಡಿದೇ ಉಳಿದರೆ ವಾಪಸಾಗಲು ನೆತನ್ಯಾಹು ಸರ್ಕಾರ ತಯಾರಿರಲಿಲ್ಲ, ಇಸ್ರೇಲ್ ವಾಪಸಾಗದೆ ಕೊನೆಯ ಒತ್ತೆಯಾಳುಗಳನ್ನು ಬಿಡಲು ಹಮಾಸ್ ತಯಾರಿರಲಿಲ್ಲ. ಮಾರ್ಚ್ 18ರಂದು ಇಸ್ರೇಲ್ ಮತ್ತೆ ಬಾಂಬ್ ದಾಳಿ ಆರಂಭಿಸಿತು. ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಆ ವರ್ಷ ಮುಗಿಯುವ ಮೊದಲೇ ಒಟ್ಟು ಸತ್ತವರ ಸಂಖ್ಯೆ 70 ಸಾವಿರ ದಾಟಿತು.

ಸೆಪ್ಟೆಂಬರ್ ಕೊನೆಯಲ್ಲಿ ಡೊನಾಲ್ಡ್ ಟ್ರಂಪ್ ಪ್ರಕಟಿಸಿದ 20 ಅಂಶಗಳ ಯೋಜನೆಯ ಗತಿಯೂ ಇದಕ್ಕೆ ತೀರಾ ಭಿನ್ನವಲ್ಲ. ಖಚಿತವಾಗಿದ್ದ ಭಾಗ ನಡೆಯಿತು: ಅಕ್ಟೋಬರ್ 13ರಂದು ಬದುಕುಳಿದಿದ್ದ 20 ಒತ್ತೆಯಾಳುಗಳೂ ಮನೆ ಸೇರಿದರು, ಎರಡು ಸಾವಿರದ ಹತ್ತಿರ ಪ್ಯಾಲೆಸ್ಟೀನಿಯನ್ನರು ಬಿಡುಗಡೆಯಾದರು, ಇಸ್ರೇಲ್ ಸೇನೆ ‘ಹಳದಿ ಗೆರೆ’ಯ ಹಿಂದಕ್ಕೆ ಸರಿಯಿತು. ಆ ಗೆರೆಯ ಹಿಂದೆ ಎಂದರೂ ಗಾಜಾದ ಅರ್ಧಕ್ಕಿಂತ ಹೆಚ್ಚು ನೆಲ ಇಸ್ರೇಲಿನ ಕೈಯಲ್ಲೇ ಉಳಿಯಿತು. ಉಳಿದದ್ದರಲ್ಲಿ ಹಮಾಸ್ ಮತ್ತೆ ಬಂದೂಕು ಹಿಡಿದು ಬೀದಿಗಿಳಿಯಿತು. ಮಸುಕಿನ ಲಾಭ ಯಾವಾಗಲೂ ಇಸ್ರೇಲಿಗೇ ಎಂದೇನಿಲ್ಲ, ಯಾರು ನಿಂತ ನೆಲವನ್ನು ಹಿಡಿದಿರುತ್ತಾರೋ ಅವರಿಗೆ.

ಮುಂದಿನದು ಕಷ್ಟ. ಹಮಾಸ್ ಶಸ್ತ್ರ ಕೆಳಗಿಡಬೇಕು. ಅದಕ್ಕೆ ತಕ್ಕಂತೆ ಇಸ್ರೇಲ್ ಹಿಂದೆ ಸರಿಯುತ್ತದೆ. ಶಸ್ತ್ರ ಕೆಳಗಿಟ್ಟಾಯಿತು ಎಂದು ಹೇಳುವವರು ಯಾರು? ಮಾನದಂಡ, ಹಂತ, ಸಮಯವನ್ನು ಇಸ್ರೇಲ್ ಸೇನೆ, ಗಾಜಾಕ್ಕೆ ಬರಬೇಕಾದ ಅಂತರರಾಷ್ಟ್ರೀಯ ಪಡೆ, ಖಾತರಿದಾರ ರಾಷ್ಟ್ರಗಳು ಮತ್ತು ಅಮೆರಿಕ ಸೇರಿ ಒಪ್ಪಬೇಕಂತೆ. ಅಂದರೆ ವಾಪಸಾಗಬೇಕಾದವರ ಒಪ್ಪಿಗೆಯೂ ಬೇಕು. ಅಂತರರಾಷ್ಟ್ರೀಯ ಪಡೆಗೆ ಸೈನಿಕರನ್ನು ಕೊಡುವ ಮುಸ್ಲಿಂ ರಾಷ್ಟ್ರಗಳಿಗೆ ಇರುವ ಅಳುಕೂ ಇದರಿಂದಲೇ: ಶಾಂತಿ ಕಾಯಲು ಬರುತ್ತೇವೆ, ಹಮಾಸ್ ಜತೆ ಬಡಿದಾಡಲು ಅಲ್ಲ ಎನ್ನುತ್ತವೆ ಅವು.

ಈ ಯೋಜನೆಗೆ ಮುದ್ರೆ ಒತ್ತಿದ ಭದ್ರತಾ ಮಂಡಳಿಯ 2803ನೇ ನಿರ್ಣಯ 13–0 ಮತಗಳಿಂದ ಗೆದ್ದಿತು. ರಷ್ಯಾ ಮತ್ತು ಚೀನಾ ಮತ ಹಾಕದೆ ಉಳಿದವು. ಗಾಜಾದ ಮಧ್ಯಂತರ ಆಡಳಿತ ನೋಡಿಕೊಳ್ಳುವ, ಟ್ರಂಪ್ ಅಧ್ಯಕ್ಷತೆಯ ‘ಶಾಂತಿ ಮಂಡಳಿ’ಗೂ ಅಂತರರಾಷ್ಟ್ರೀಯ ಪಡೆಗೂ 2027ರ ಡಿಸೆಂಬರ್ 31ರವರೆಗೆ ಅದು ಅಧಿಕಾರ ಕೊಟ್ಟಿದೆ. ರಾಷ್ಟ್ರದ ಮಾತು ಬರುವುದು ಹೀಗೆ: ಪ್ಯಾಲೆಸ್ಟೀನ್ ಪ್ರಾಧಿಕಾರ ಸುಧಾರಣೆಗಳನ್ನು ನಿಷ್ಠೆಯಿಂದ ನಡೆಸಿ, ಗಾಜಾದ ಪುನರ್ನಿರ್ಮಾಣ ಮುಂದುವರಿದ ಮೇಲೆ, ಸ್ವಯಂ ನಿರ್ಣಯ ಮತ್ತು ರಾಷ್ಟ್ರತ್ವದತ್ತ ಒಂದು ವಿಶ್ವಾಸಾರ್ಹ ದಾರಿಗೆ ಬೇಕಾದ ಪರಿಸ್ಥಿತಿ ಕೊನೆಗೂ ಒದಗಿರಬಹುದು. ರಾಷ್ಟ್ರ ಅಲ್ಲ, ರಾಷ್ಟ್ರದತ್ತ ದಾರಿ. ದಾರಿಯೂ ಅಲ್ಲ, ದಾರಿಗೆ ಬೇಕಾದ ಪರಿಸ್ಥಿತಿ. ಅದೂ ‘ಬಹುದು’. 1967ರಲ್ಲಿ ಒಂದು ಪದವನ್ನು ಬಿಟ್ಟು ಮಾಡಿದ ಕೆಲಸವನ್ನು ಇಲ್ಲಿ ಒಂದು ಪದವನ್ನು ಸೇರಿಸಿ ಮಾಡಲಾಗಿದೆ. ಅರಬ್ ರಾಷ್ಟ್ರಗಳು ‘ರಾಷ್ಟ್ರತ್ವ’ ಎಂಬ ಪದ ತೋರಿಸಿ ತಮ್ಮ ಜನರಿಗೆ ಸಮಾಧಾನ ಹೇಳಬಹುದು. ನೆತನ್ಯಾಹು ‘ಬಹುದು’ ತೋರಿಸಿ ತಮ್ಮ ಮಿತ್ರಪಕ್ಷಗಳಿಗೆ ಸಮಾಧಾನ ಹೇಳಬಹುದು. ಎಲ್ಲರ ಮೂಗಿಗೂ ಸ್ವಲ್ಪ ಸ್ವಲ್ಪ ತುಪ್ಪ.

ಒತ್ತಡ ಎಲ್ಲಿಂದ ಬರಬಹುದು

ಸೌದಿ ಅರೇಬಿಯಾದಿಂದ, ಒಂದು ಮಟ್ಟಿಗೆ. ಸೌದಿ ಜತೆ ಸಂಬಂಧ ಬೆಳೆಸುವುದು ಇಸ್ರೇಲಿನ ಬಹುಕಾಲದ ಆಸೆ. 2020ರಲ್ಲಿ ಯುಎಇ, ಬಹರೇನ್ ಇಸ್ರೇಲ್ ಜತೆ ಒಪ್ಪಂದ ಮಾಡಿಕೊಂಡಾಗ ಪ್ಯಾಲೆಸ್ಟೀನ್ ಪ್ರಶ್ನೆಯನ್ನು ಬದಿಗಿಟ್ಟೇ ಮುಂದೆ ಹೋಗಬಹುದು ಎನಿಸಿತ್ತು. ಈಗ ಸೌದಿ, ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಎಂಬ ಎರಡು ರಾಷ್ಟ್ರಗಳತ್ತ ಸ್ಪಷ್ಟ ದಾರಿ ಕಾಣದೆ ಆ ಗುಂಪಿಗೆ ಸೇರುವುದಿಲ್ಲ ಎನ್ನುತ್ತಿದೆ. ಪಶ್ಚಿಮ ದಂಡೆಯನ್ನು ಇಸ್ರೇಲ್ ತನ್ನೊಳಗೆ ಸೇರಿಸಿಕೊಂಡರೆ ಅದು ಮಿತಿ ಮೀರಿದಂತೆ ಎಂದು ಯುಎಇ 2025ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಸಿತು. ಅದೇ ತಿಂಗಳು ಟ್ರಂಪ್ ಹಾಗೆ ಸೇರಿಸಿಕೊಳ್ಳಲು ಬಿಡುವುದಿಲ್ಲ ಎಂದರು. ಇದು ಒತ್ತಡ ಫಲಿಸಿದ ಅಪರೂಪದ ಉದಾಹರಣೆ. ಆದರೆ ಅದು ತಡೆದದ್ದು ಕಾಗದದ ಮೇಲಿನ ವಿಲೀನವನ್ನು. ಇ-1ರ ಮನೆಗಳಿಗೆ ಸಿಕ್ಕ ಒಪ್ಪಿಗೆ ಹಾಗೆಯೇ ಇದೆ.

ಭಾರತದ ಪಾತ್ರ ಸಣ್ಣದು, ನಿಲುವು ಮಾತ್ರ ನಾಜೂಕಿನದು. 1947ರಲ್ಲಿ ವಿಭಜನೆಯ ವಿರುದ್ಧ ಮತ ಹಾಕಿ, 1988ರಲ್ಲೇ ಪ್ಯಾಲೆಸ್ಟೀನನ್ನು ಮಾನ್ಯ ಮಾಡಿ, 1992ರಲ್ಲಿ ಇಸ್ರೇಲ್ ಜತೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದ ದೇಶ ನಮ್ಮದು. 2025ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಗಾಜಾ ಕದನ ವಿರಾಮದ ನಿರ್ಣಯಕ್ಕೆ ಮತ ಹಾಕದೆ ಉಳಿದ ಭಾರತ, ಸೆಪ್ಟೆಂಬರ್ 12ರಂದು ಎರಡು ರಾಷ್ಟ್ರಗಳ ಪರಿಹಾರವನ್ನು ಬೆಂಬಲಿಸುವ ಘೋಷಣೆಯ ಪರ ಮತ ಹಾಕಿತು. 2023ರ ದೆಹಲಿ ಜಿ-20ರಲ್ಲಿ ಘೋಷಿಸಿದ ಭಾರತ–ಮಧ್ಯಪ್ರಾಚ್ಯ–ಯುರೋಪ್ ಕಾರಿಡಾರ್‌ನಲ್ಲಿ ಸರಕು ಸೌದಿ ದಾಟಿ ಇಸ್ರೇಲಿನ ಹೈಫಾ ಬಂದರು ತಲುಪಬೇಕು. 1918ರ ಸೆಪ್ಟೆಂಬರ್ 23ರಂದು ತುರ್ಕರಿಂದ ಆ ಊರನ್ನು ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು; ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಕರಾವಳಿಯಿಂದ ವೃದ್ಧರ ಆರೈಕೆಯ ಕೆಲಸಕ್ಕೆ ಇಸ್ರೇಲಿಗೆ ಹೋದವರ ಮನೆಗಳಿಗೂ ಅಲ್ಲಿನ ಕದನ ವಿರಾಮ ದೂರದ ಸುದ್ದಿಯಲ್ಲ.

ಮುಂದೆ ಏನನ್ನು ಗಮನಿಸಬೇಕು

ಸದ್ಯಕ್ಕೆ ಹೆಚ್ಚು ಸಂಭವವಿರುವುದು ಯುದ್ಧವೂ ಅಲ್ಲದ ಶಾಂತಿಯೂ ಅಲ್ಲದ ಒಂದು ಸ್ಥಿತಿ. ಎರಡನೇ ಹಂತ ಆರಂಭವಾಯಿತೆಂದು ಅಮೆರಿಕ 2026ರ ಜನವರಿಯಲ್ಲಿ ಘೋಷಿಸಿತು, ಆದರೆ ಘೋಷಣೆಯಿಂದ ಹಳದಿ ಗೆರೆ ಸರಿಯುವುದಿಲ್ಲ. ಆ ಗೆರೆ ಕಾಯಂ ಆದರೆ ಗಾಜಾ ಎರಡಾಗುತ್ತದೆ: ಇಸ್ರೇಲಿನ ಹಿಡಿತದ ಕಡೆ ಹೊಸ ಮನೆ, ರಸ್ತೆ, ಜನರಲ್ಲಿ ಬಹುಪಾಲು ಇರುವ ಇನ್ನೊಂದು ಕಡೆ ಅವಶೇಷ, ಡೇರೆ ಮತ್ತು ಹಮಾಸ್. ಆಗ ಪ್ಯಾಲೆಸ್ಟೀನ್ ಎರಡಲ್ಲ, ಮೂರು ಆಡಳಿತಗಳ ಕೆಳಗೆ ಹಂಚಿಹೋಗುತ್ತದೆ.

ಇ-1ರಲ್ಲಿ ಮನೆಗಳು ಎದ್ದರೆ ರಾಮಲ್ಲಾ ಕಡೆಯ ಉತ್ತರ ಭಾಗಕ್ಕೂ ಬೆತ್ಲೆಹೆಮ್ ಕಡೆಯ ದಕ್ಷಿಣ ಭಾಗಕ್ಕೂ ನಡುವೆ ಇರುವ ಕೊಂಡಿ ಮುರಿಯುತ್ತದೆ. ಯುರೋಪಿನ ಮಾನ್ಯತೆಗೆ ತೂಕ ಇದೆಯೋ ಇಲ್ಲವೋ ಎಂಬುದು ಅಲ್ಲಿ ತಿಳಿಯುತ್ತದೆ. ತಾನು ರಾಷ್ಟ್ರವೆಂದು ಒಪ್ಪಿದ ನೆಲದಲ್ಲಿ ಇನ್ನೊಂದು ದೇಶ ಮನೆ ಕಟ್ಟಿದರೆ ಬ್ರಿಟನ್, ಫ್ರಾನ್ಸ್ ಏನು ಮಾಡುತ್ತವೆ? ವಸಾಹತುಗಳ ಸರಕಿಗೆ ಮಾರುಕಟ್ಟೆ ಮುಚ್ಚುತ್ತವೆಯೋ, ಮತ್ತೊಂದು ಖಂಡನಾ ಹೇಳಿಕೆ ಹೊರಡಿಸುತ್ತವೆಯೋ?

ಕ್ಯಾಲೆಂಡರ್‌ನಲ್ಲಿ ಎರಡು ದಿನಾಂಕಗಳಿವೆ. ಇಸ್ರೇಲಿನಲ್ಲಿ 2026ರ ಅಕ್ಟೋಬರ್ ಒಳಗೆ ಚುನಾವಣೆ ನಡೆಯಬೇಕು. ಅಲ್ಲಿನ ಸಂಸತ್ತು 2024ರ ಜುಲೈನಲ್ಲಿ ಪ್ಯಾಲೆಸ್ಟೀನ್ ರಾಷ್ಟ್ರದ ವಿರುದ್ಧ 68–9ರ ಅಂತರದಲ್ಲಿ ನಿರ್ಣಯ ಮಾಡಿದಾಗ ವಿರೋಧ ಪಕ್ಷಗಳ ಕೆಲವರೂ ಪರವಾಗಿ ಕೈಯೆತ್ತಿದ್ದರು. ಹಾಗಾಗಿ ಸರ್ಕಾರ ಬದಲಾದ ಮಾತ್ರಕ್ಕೆ ನೀತಿ ತಿರುಗುತ್ತದೆ ಎಂದುಕೊಳ್ಳಲು ಆಧಾರವಿಲ್ಲ. ಬದಲಾದರೆ, ಹಳದಿ ಗೆರೆಯ ಬಗ್ಗೆ ಚೌಕಾಸಿಗೆ ಕೂರುವ ಸರ್ಕಾರ ಸಿಗಬಹುದು, ಅಷ್ಟೆ. ಇನ್ನೊಂದು 2027ರ ಡಿಸೆಂಬರ್ 31. ಅಂದು ಶಾಂತಿ ಮಂಡಳಿಯ ಅವಧಿ ಮುಗಿಯುತ್ತದೆ, ಭದ್ರತಾ ಮಂಡಳಿ ವಿಸ್ತರಿಸದಿದ್ದರೆ. ವಿಸ್ತರಣೆಯ ಕರಡಿನಲ್ಲಿ ಗಾಜಾದಿಂದ ಇಸ್ರೇಲ್ ಸೇನೆ ಹೊರಡುವ ದಿನಾಂಕ ಇರುತ್ತದೋ ಇಲ್ಲವೋ ಎಂಬುದನ್ನು ಆಗ ಮೊದಲು ಹುಡುಕಬೇಕು.